ಕಂಡಕ್ಟರ್ ಕೆಂಪಣ್ಣನನ್ನು ಬಿಡಿಸೋಣ: ಪೆನ್ಸಿಲ್ಲಿನಲ್ಲಿ ಕಾಮಿಕ್ ಸ್ಟ್ರಿಪ್ ಪಾತ್ರ ಕಟ್ಟುವ ಸಮಗ್ರ ಮಾರ್ಗದರ್ಶಿ

ಚೆನ್ನಾಗಿ ಚಿತ್ರ ಬಿಡಿಸುವವರಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಅವರಲ್ಲಿ ಹೆಚ್ಚಿನವರು ಕಾಮಿಕ್ ಸ್ಟ್ರಿಪ್‌ಗೆ ಕೈಹಾಕಿದಾಗ ಎರಡನೆಯ ಚೌಕಟ್ಟಿನಲ್ಲೇ ಎಡವುತ್ತಾರೆ. ಮೊದಲ ಚೌಕಟ್ಟಿನಲ್ಲಿ ಸೊಗಸಾಗಿ ಮೂಡಿದ ಮನುಷ್ಯ ಎರಡನೆಯದರಲ್ಲಿ ತನ್ನದೇ ತಮ್ಮನಂತೆ ಕಾಣುತ್ತಾನೆ, ಮೂರನೆಯದರಲ್ಲಿ ದೂರದ ನೆಂಟನಾಗುತ್ತಾನೆ, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಯಾರೋ ಅಪರಿಚಿತ. ಓದುಗ ಅಲ್ಲಿಗೆ ಕೈಬಿಡುತ್ತಾನೆ. ಒಂದು ಚಿತ್ರ ಚೆಂದ ಬಂದರೆ ಸ್ಟ್ರಿಪ್‌ಗೆ ಸಾಲದು. ಅದೇ ಮುಖ ನಗುತ್ತಾ, ಗದರುತ್ತಾ, ಬೆನ್ನು ತಿರುಗಿಸಿಕೊಂಡು, ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿಯೂ ಬರಬೇಕು. ಬಂದಾಗಲೆಲ್ಲ ಅದೇ ಮನುಷ್ಯ ಎಂದು ಗೊತ್ತಾಗಬೇಕು. ಮುಂದಿನ ಹಂತಗಳೆಲ್ಲ ಈ ಒಂದು ಗುರಿಗೆ ದುಡಿಯುತ್ತವೆ.

ಇದಕ್ಕೆ ದೊಡ್ಡ ಸಾಕ್ಷಿ ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ. 1951ರಿಂದ ದಶಕಗಳ ಕಾಲ ಪತ್ರಿಕೆಯ ಮುಖಪುಟದ ಮೂಲೆಯಲ್ಲಿ ಬಾಯಿ ಬಿಡದೆ ನಿಂತ ಆ ಮನುಷ್ಯ ಒಂದೇ ಏಟಿಗೆ ಹುಟ್ಟಿದವನಲ್ಲ. ಮೊದಮೊದಲು ಲಕ್ಷ್ಮಣ್ ಜನರನ್ನು ತೋರಿಸಲು ಬೇರೆ ಬೇರೆ ಪ್ರಾಂತ್ಯಗಳ, ಬೇರೆ ಬೇರೆ ಉಡುಪಿನ ಹಲವರನ್ನು ಬಿಡಿಸುತ್ತಿದ್ದರು. ಪತ್ರಿಕೆಯ ಗಡುವು ಕುತ್ತಿಗೆಗೆ ಬಂದಾಗ ಒಬ್ಬೊಬ್ಬರನ್ನೇ ಕಳೆಯುತ್ತಾ ಬಂದರು. ಕೊನೆಗೆ ಉಳಿದದ್ದು ಚೌಕುಳಿ ಕೋಟು, ಪಂಚೆ, ದುಂಡು ಕನ್ನಡಕ, ಮೀಸೆ, ಬೋಳು ತಲೆಯ ಅಂಚಿನಲ್ಲಿ ಎದ್ದು ನಿಂತ ಕೂದಲು. ಪ್ರತಿದಿನ ಬಿಡಿಸಬೇಕಾದ ಕಷ್ಟವೇ ಪಾತ್ರವನ್ನು ಸೋಸಿ ಕೊಟ್ಟಿತು.

ನಾವೂ ಒಬ್ಬನನ್ನು ಕಟ್ಟೋಣ. ಸರ್ಕಾರಿ ಬಸ್ಸಿನ ಕಂಡಕ್ಟರ್ ಕೆಂಪಣ್ಣ. ಅವನ ಎದುರಾಳಿಯಾಗಿ ಬುಟ್ಟಿ ಹಿಡಿದ ಒಬ್ಬಳು ಅಜ್ಜಿ. ಕೊನೆಯಲ್ಲಿ ಇಬ್ಬರನ್ನೂ ನಾಲ್ಕು ಚೌಕಟ್ಟಿನ ಒಂದು ಸ್ಟ್ರಿಪ್‌ನಲ್ಲಿ ಕೂರಿಸೋಣ.

ಸಾಮಗ್ರಿ: ಅಂಗಡಿ ದೋಚಬೇಕಾಗಿಲ್ಲ

ಪೆನ್ಸಿಲ್ ಕಡ್ಡಿಯಲ್ಲಿ ಇರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ಜೇಡಿಮಣ್ಣಿನ ಪಾಲು ಹೆಚ್ಚಿದಷ್ಟೂ ಕಡ್ಡಿ ಗಟ್ಟಿ, ಗೆರೆ ತಿಳಿ. ಅದು ಎಚ್ ಗುಂಪು. ಗ್ರಾಫೈಟ್ ಹೆಚ್ಚಿದಷ್ಟೂ ಕಡ್ಡಿ ಮೆತ್ತಗೆ, ಗೆರೆ ಕಪ್ಪು. ಅದು ಬಿ ಗುಂಪು. ನಮ್ಮ ಕೆಲಸಕ್ಕೆ ಒಂದು ಎಚ್‌ಬಿ, ಒಂದು 2ಬಿ, ಕಪ್ಪು ತುಂಬಲು ಒಂದು 4ಬಿ ಸಾಕು. ನಟರಾಜ್, ಅಪ್ಸರಾ, ಕ್ಯಾಮ್ಲಿನ್ ಯಾವುದಾದರೂ ನಡೆಯುತ್ತದೆ. ಅಡಿಪಾಯದ ಗೆರೆಗಳಿಗೆ 2ಎಚ್ ಬಳಸಿ ಎಂದು ಹಲವರು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಗಟ್ಟಿ ಕಡ್ಡಿಯನ್ನು ಸ್ವಲ್ಪ ಒತ್ತಿದರೂ ಕಾಗದದಲ್ಲಿ ಗೀರು ಬೀಳುತ್ತದೆ. ಮೇಲಿನ ಕಪ್ಪು ಅಳಿಸಿದರೂ ಗೀರು ಹೋಗದು, ಆಮೇಲೆ ಅದರ ಮೇಲೆ ಛಾಯೆ ಹಾಕಿದಾಗ ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ.

ಅದಕ್ಕಿಂತ ತಿಳಿನೀಲಿ ಬಣ್ಣದ ಪೆನ್ಸಿಲ್ ವಾಸಿ. ಮುದ್ರಣಾಲಯಗಳಲ್ಲಿ ಕ್ಯಾಮೆರಾದಿಂದ ಪ್ಲೇಟು ಮಾಡುತ್ತಿದ್ದ ಕಾಲದಲ್ಲಿ ಆ ಫಿಲ್ಮಿಗೆ ತಿಳಿನೀಲಿಯೂ ಕಾಗದದ ಬಿಳಿಯೂ ಒಂದೇ ಆಗಿತ್ತು. ಹಾಗಾಗಿ ಕಲಾವಿದರು ಕಚ್ಚಾ ಗೆರೆಗಳನ್ನು ನೀಲಿಯಲ್ಲಿ ಎಳೆದು, ಅಳಿಸುವ ಗೋಜಿಗೆ ಹೋಗದೆ ಮೇಲೆ ಕಪ್ಪು ತೀಡಿ ಕಳಿಸುತ್ತಿದ್ದರು. ಈಗ ಸ್ಕ್ಯಾನ್ ಮಾಡಿದ ಮೇಲೆ ನೀಲಿಯನ್ನು ಕಂಪ್ಯೂಟರಿನಲ್ಲಿ ಸುಲಭವಾಗಿ ತೆಗೆದುಹಾಕಬಹುದು. ಮೇಣದಂಶ ಹೆಚ್ಚಿರುವ ಅಗ್ಗದ ಬಣ್ಣದ ಪೆನ್ಸಿಲ್ ಮಾತ್ರ ಬೇಡ. ಅದರ ಮೇಲೆ ಗ್ರಾಫೈಟ್ ಹಿಡಿಯದೆ ಜಾರುತ್ತದೆ.

ಎರಡು ರಬ್ಬರ್ ಇರಲಿ. ಒಂದು ಮಾಮೂಲಿ ಬಿಳಿ ರಬ್ಬರ್. ಇನ್ನೊಂದು ಕೈಯಲ್ಲಿ ನಾದಿ ಬೇಕಾದ ಆಕಾರಕ್ಕೆ ತರಬಹುದಾದ ಮೆತ್ತನೆಯ ಬೂದು ರಬ್ಬರ್. ಇದನ್ನು ಉಜ್ಜಬಾರದು, ಗೆರೆಯ ಮೇಲೆ ಒತ್ತಿ ಎತ್ತಬೇಕು. ಗೆರೆ ಪೂರ್ತಿ ಹೋಗದೆ ಮಸುಕಾಗುತ್ತದೆ. ಆ ಮಸುಕಿನ ಮೇಲೆ ಸರಿಯಾದ ಗೆರೆ ಎಳೆಯುವುದೇ ಪೆನ್ಸಿಲ್ ಕೆಲಸದ ಸುಖ. ಅಭ್ಯಾಸಕ್ಕೆ ಜೆರಾಕ್ಸ್ ಅಂಗಡಿಯ 75 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಎ4 ಹಾಳೆ ಸಾಕು, ಅದು ಅಗ್ಗವಾದ್ದರಿಂದ ಕೈ ಹೆದರುವುದಿಲ್ಲ. ಅಂತಿಮ ಚಿತ್ರಕ್ಕೆ 120ರಿಂದ 150 ಜಿಎಸ್‌ಎಂನ ನುಣುಪಾದ ಕಾರ್ಟ್ರಿಡ್ಜ್ ಹಾಳೆ, ಎ3 ಗಾತ್ರದ್ದು.

ಗೆರೆಗೆ ಮೊದಲು ಮನುಷ್ಯ

ಪೆನ್ಸಿಲ್ ಹಿಡಿಯುವ ಮೊದಲು ಕೆಂಪಣ್ಣ ಯಾರೆಂದು ಎರಡು ಸಾಲು ಬರೆದಿಟ್ಟುಕೊಳ್ಳಿ. ಅವನಿಗೇನು ಬೇಕು? ಚಿಲ್ಲರೆ. ಅವನಿಗೆ ಏನು ಆಗದು? ಮೊದಲ ಸ್ಟಾಪಿನಲ್ಲೇ ಐನೂರರ ನೋಟು ಚಾಚುವವರು. ವಯಸ್ಸು ಐವತ್ತರ ಆಸುಪಾಸು, ಕೆಟ್ಟವನಲ್ಲ, ಸದಾ ಲೆಕ್ಕದಲ್ಲಿ ಮುಳುಗಿದವನು. ಇಷ್ಟು ಗೊತ್ತಾದರೆ ಹುಬ್ಬು ಎಲ್ಲಿರಬೇಕು, ಬೆನ್ನು ಎಷ್ಟು ಬಾಗಿರಬೇಕು ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಮುಂದಿನ ಕೆಲಸ ಕಂಡಕ್ಟರನ್ನು ನಿಜವಾಗಿ ನೋಡುವುದು. ಒಂದು ಬಸ್ ಪ್ರಯಾಣ ಸಾಕು. ಖಾಕಿ ಬಟ್ಟೆ, ಹೆಗಲಿಂದ ಇಳಿಬಿದ್ದ ಚೀಲ, ಟಿಕೆಟ್ ಯಂತ್ರ, ಸೀಟಿ ಎಲ್ಲರ ಕಣ್ಣಿಗೂ ಬೀಳುತ್ತವೆ. ಇನ್ನೂ ಸ್ವಲ್ಪ ಹೊತ್ತು ನೋಡಿದರೆ ಬೇರೆಯವು ಕಾಣತೊಡಗುತ್ತವೆ. ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡಿರುತ್ತಾರೆ. ಬಸ್ಸು ಓಲಾಡುವಾಗ ಕಂಬಿ ಹಿಡಿಯುವುದಿಲ್ಲ. ಸೊಂಟವನ್ನು ಸೀಟಿನ ಅಂಚಿಗೆ ಆನಿಸಿ, ಒಂದು ಮೊಣಕಾಲು ಸಡಿಲಿಸಿ ನಿಲ್ಲುತ್ತಾರೆ, ಎರಡೂ ಕೈ ಲೆಕ್ಕಕ್ಕೆ ಬಿಡುವಾಗಿರುತ್ತದೆ. ಚಿಲ್ಲರೆ ಇಲ್ಲದಿದ್ದರೆ ಬಾಕಿಯನ್ನು ಟಿಕೆಟ್ ಹಿಂದೆ ಬರೆದುಕೊಡುತ್ತಾರೆ. ಪಾತ್ರ ಇರುವುದು ಇಂಥ ಕಡೆ. ಸಮವಸ್ತ್ರ ಯಾವ ಕಂಡಕ್ಟರಿಗಾದರೂ ಇದ್ದದ್ದೇ.

ಕಂಡದ್ದನ್ನೆಲ್ಲ ತುರುಕಬೇಡಿ. ಮೂರೇ ವಸ್ತು ಇಟ್ಟುಕೊಳ್ಳೋಣ: ಕಿವಿಯ ಮೇಲಿನ ಪೆನ್ನು, ಹೆಗಲ ಚೀಲ, ಬೆರಳ ಸಂದಿಯ ನೋಟು. ಸೀಟಿ, ಬಿಲ್ಲೆ, ಕೈಗಡಿಯಾರ ಎಲ್ಲ ರದ್ದು. ಟಿಕೆಟ್ ಯಂತ್ರ ಬೇಕಾದ ಚೌಕಟ್ಟಿನಲ್ಲಿ ಮಾತ್ರ ಬರಲಿ. ಒಂದು ಗುಂಡಿ ಹೆಚ್ಚಿಗೆ ಹಾಕಿದರೆ ಅದನ್ನು ನೂರು ಸಲ ಹಾಕಬೇಕಾಗುತ್ತದೆ ಎಂಬುದನ್ನು ಮರೆಯಬೇಡಿ.

ಉಗುರುದ್ದದ ಚಿತ್ರಗಳು

ಒಂದು ಎ4 ಹಾಳೆಯಲ್ಲಿ ಮೂರು ಸೆಂಟಿಮೀಟರ್ ಎತ್ತರದ ಕೆಂಪಣ್ಣಂದಿರನ್ನು ಸಾಲಾಗಿ ಗೀಚಿ. ಮುಖ ಬೇಡ, ಬೆರಳು ಬೇಡ, ಮೈಯ ಒಟ್ಟು ಆಕಾರ ಮಾತ್ರ. ಒಬ್ಬ ಕಡ್ಡಿಯಂತಿರಲಿ, ಒಬ್ಬ ಚೌಕ, ಒಬ್ಬ ತಲೆಕೆಳಗಾದ ತ್ರಿಕೋನ. ದುಂಡು ಆಕಾರ ಮೃದು ಸ್ವಭಾವವನ್ನು, ಚೌಕ ಹಟವನ್ನು, ಚೂಪು ಕೋನ ಚುರುಕು ಅಥವಾ ಕುತಂತ್ರವನ್ನು ಸೂಚಿಸುತ್ತದೆ ಎಂಬುದು ಕಾರ್ಟೂನಿನ ಹಳೆಯ ಪಾಠ. ಅದು ನಿಯಮವೇನಲ್ಲ, ಬೆಟ್ಟದಂಥ ಚೌಕ ಮೈಯ ಪುಕ್ಕಲನನ್ನು ಬಿಡಿಸಿದರೆ ನಗು ಬರುವುದು ಆ ಪಾಠ ಮುರಿದದ್ದರಿಂದಲೇ.

ಕೆಂಪಣ್ಣನಿಗೆ ಪೇರಳೆ ಹಣ್ಣಿನ ಆಕಾರ ಹೊಂದುತ್ತದೆ: ಹೆಗಲು ಕಿರಿದು, ಹೊಟ್ಟೆ ಅಗಲ, ಚೀಲದ ಭಾರಕ್ಕೆ ಒಂದು ಹೆಗಲು ಇಳಿದಿದೆ. ಅಜ್ಜಿ ಅವನ ಸೊಂಟದೆತ್ತರದ ಪುಟ್ಟ ಗುಮ್ಮಟ. ಇಬ್ಬರೂ ಅಕ್ಕಪಕ್ಕ ನಿಂತಾಗ ಎತ್ತರ, ಅಗಲ ಎರಡರಲ್ಲೂ ವ್ಯತ್ಯಾಸ ಎದ್ದು ಕಾಣಬೇಕು.

ಮೆಚ್ಚಿದ ಎರಡು ಮೂರು ಚಿತ್ರಗಳನ್ನು 4ಬಿಯಿಂದ ಪೂರ್ತಿ ಕಪ್ಪು ಮಾಡಿ. ಹಾಳೆಯನ್ನು ಗೋಡೆಗೆ ಅಂಟಿಸಿ ಕೋಣೆಯ ಆಚೆ ತುದಿಯಿಂದ ನೋಡಿ. ಕಪ್ಪು ಆಕೃತಿಯಲ್ಲೇ ಚೀಲ, ಮೂಗು, ಪೆನ್ನು ಗೊತ್ತಾದರೆ ಪಾತ್ರ ಗೆದ್ದಿತು. ಚೀಲ ಹೊಟ್ಟೆಯ ಮುಂದೆ ಬಂದು ಕರಗಿಹೋಗಿದ್ದರೆ ಅದನ್ನು ಪಕ್ಕಕ್ಕೆ ಸರಿಸಿ ಹೊರಗೆರೆ ದಾಟುವಂತೆ ಮಾಡಿ. ಮಕ್ಕಳ ಪತ್ರಿಕೆ ಬಾಲಮಂಗಳ ಓದಿ ಬೆಳೆದವರು ಅದರ ಇಲಿವೀರ ಡಿಂಗನನ್ನು ನೆರಳಿನಿಂದಲೇ ಗುರುತಿಸುತ್ತಿದ್ದೆವು. ಅದು ಕಿವಿ, ಬಾಲ, ಮೇಲ್ವಸ್ತ್ರಗಳ ಮಹಿಮೆ.

ತಲೆ: ಅರ್ಧ ಕೆಲಸ ಇಲ್ಲೇ ಇದೆ

ಈಗ ದೊಡ್ಡದಾಗಿ ಬಿಡಿಸೋಣ. ನೀಲಿ ಪೆನ್ಸಿಲ್ ಹಿಂಭಾಗಕ್ಕೆ ಹಿಡಿದು, ಮಣಿಕಟ್ಟು ಆಡಿಸದೆ ಇಡೀ ತೋಳು ತಿರುಗಿಸಿ ಐದು ಸೆಂಟಿಮೀಟರ್ ಎತ್ತರದ ಮೊಟ್ಟೆಯಾಕಾರ ಎಳೆಯಿರಿ. ಒಂದೇ ಸುತ್ತಿಗೆ ಸರಿಬರಬೇಕೆಂಬ ಹಟ ಬೇಡ. ಎರಡು ಮೂರು ಸುತ್ತು ಹಗುರವಾಗಿ ಸುತ್ತಿ, ಸರಿಯೆನಿಸಿದ ಅಂಚನ್ನು ಆರಿಸಿಕೊಳ್ಳಿ. ಕೆಂಪಣ್ಣನ ತಲೆ ಮೇಲೆ ಕಿರಿದು, ದವಡೆಯ ಕಡೆ ಅಗಲ.

ಅದರ ಮೇಲೆ ಎರಡು ಗೆರೆ. ಹಣೆಯಿಂದ ಗಲ್ಲಕ್ಕೆ ಇಳಿಯುವ ನಡುಗೆರೆ, ಕಣ್ಣುಗಳನ್ನು ಕೂರಿಸುವ ಅಡ್ಡಗೆರೆ. ನಿಜವಾದ ಮನುಷ್ಯನ ಕಣ್ಣುಗಳು ತಲೆಯ ಎತ್ತರದ ಸರಿ ಅರ್ಧದಲ್ಲಿರುತ್ತವೆ. ಕಾರ್ಟೂನಿನಲ್ಲಿ ಈ ಗೆರೆಯನ್ನು ಸರಿಸುವುದೇ ಮೊದಲ ಆಟ. ಕೆಳಗೆ ಇಳಿಸಿದರೆ ಹಣೆ ದೊಡ್ಡದಾಗಿ ಮಗುವಿನ ಮುಖ ಬರುತ್ತದೆ. ಮೇಲಕ್ಕೆ ಏರಿಸಿದರೆ ಮೂಗು, ಮೀಸೆ, ದವಡೆಗೆ ಜಾಗ ಸಿಕ್ಕಿ ವಯಸ್ಸು ಕಾಣುತ್ತದೆ. ಕೆಂಪಣ್ಣನ ಕಣ್ಣಿನ ಗೆರೆ ಮೇಲಿನಿಂದ ಮೂರನೆಯ ಒಂದು ಭಾಗಕ್ಕೆ ಇರಲಿ.

ಇಲ್ಲೊಂದು ಎಚ್ಚರ. ಈ ಎರಡು ಗೆರೆಗಳನ್ನು ಅಡಿಕೋಲು ಇಟ್ಟಂತೆ ನೇರ ಎಳೆದರೆ ಮುಖ ತಟ್ಟೆಯಾಗುತ್ತದೆ. ತಲೆ ಒಂದು ಗಟ್ಟಿ ಉಂಡೆ ಎಂದುಕೊಂಡು ಗೆರೆ ಅದರ ಮೈಮೇಲೆ ಬಾಗಿ ಹೋಗುವಂತೆ ಎಳೆಯಬೇಕು. ಕೆಂಪಣ್ಣ ಎಡಕ್ಕೆ ನೋಡಿದರೆ ನಡುಗೆರೆ ಎಡಕ್ಕೆ ಸರಿದು ಎಡಕ್ಕೇ ಉಬ್ಬುತ್ತದೆ. ಕೆಳಗೆ ಕೂತ ಪ್ರಯಾಣಿಕನನ್ನು ನೋಡಿದರೆ ಅಡ್ಡಗೆರೆ ನಡುವೆ ಕೆಳಕ್ಕೆ ಜೋಲುತ್ತದೆ. ಖಾಲಿ ಮೊಟ್ಟೆಗಳ ಮೇಲೆ ಈ ಎರಡು ಗೆರೆಗಳನ್ನಷ್ಟೇ ಬಾಗಿಸಿ ಒಂದು ಇಡೀ ಹಾಳೆ ತುಂಬಿಸಿ. ಬೇಸರದ ಕೆಲಸ, ನಿಜ. ಆದರೆ ತಲೆ ತಿರುಗಿಸಲು ಬಂದವರಿಗೆ ಉಳಿದದ್ದು ಹೂವೆತ್ತಿದಷ್ಟು ಸುಲಭ.

ಮುಖದಲ್ಲಿ ಮೊದಲು ಮೂಗು. ಎರಡು ಗೆರೆಗಳು ಕೂಡುವಲ್ಲಿಂದ ಹೊರಟು, ಮುಖದ ಮೂರನೆಯ ಎರಡು ಭಾಗದವರೆಗೆ ಇಳಿದು ತುದಿಯಲ್ಲಿ ದಪ್ಪಗಾಗುವ ಮೂಗು. ಅದು ನಡುಗೆರೆಯ ಮೇಲೇ ಕೂತಿರುವುದರಿಂದ ಮುಖ ಯಾವ ಕಡೆಗಿದೆ ಎಂಬುದನ್ನು ಸಾರಿ ಹೇಳುತ್ತದೆ; ಕಣ್ಣು, ಕಿವಿಗಳ ಜಾಗವನ್ನು ಅದರಿಂದಲೇ ಅಳೆಯಬಹುದು. ಮೂಗಿನ ಇಕ್ಕೆಲದಲ್ಲಿ, ಅಡ್ಡಗೆರೆಯ ಮೇಲೆ, 2ಬಿಯಿಂದ ಎರಡು ಚುಕ್ಕೆ ಇಟ್ಟರೆ ಕಣ್ಣು ಮುಗಿಯಿತು. ರೆಪ್ಪೆ, ಪಾಪೆ, ಹೊಳಪು ಎಲ್ಲ ಭಾವಚಿತ್ರಕ್ಕೆ ಇರಲಿ. ಚುಕ್ಕೆಗಳ ನಡುವಿನ ಅಂತರವನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ: ಮೂಗಿನ ತುದಿಯ ಅಗಲದಷ್ಟು. ಈ ಅಂತರ ಕೂದಲೆಳೆಯಷ್ಟು ಬದಲಾದರೂ ಮನುಷ್ಯ ಬದಲಾಗುತ್ತಾನೆ. ಸ್ಟ್ರಿಪ್‌ನಲ್ಲಿ ಪಾತ್ರ ‘ಜಾರುವುದು’ ಬಹುಪಾಲು ಇಲ್ಲಿಯೇ.

ಮೂಗಿನ ಕೆಳಗೆ ಮೀಸೆ. ಮೀಸೆ ಬಾಯಿಯನ್ನು ಮುಚ್ಚುವುದರಿಂದ ಕೆಲಸ ಕಡಿಮೆ, ಆದರೆ ಭಾವವೂ ಮುಚ್ಚಿಹೋಗುತ್ತದೆ. ಹಾಗಾಗಿ ಮೀಸೆಯೇ ಬಾಯಿಯ ಕೆಲಸ ಮಾಡಬೇಕು: ಖುಷಿಯಾದಾಗ ತುದಿಗಳು ಏರುತ್ತವೆ, ಬೇಸರಕ್ಕೆ ಇಳಿಯುತ್ತವೆ, ಕಿರುಚುವಾಗ ಇಡೀ ಮೀಸೆ ಮೇಲಕ್ಕೆ ಹಾರಿ ಕೆಳಗೆ ಕಪ್ಪು ಬಾಯಿ ತೆರೆಯುತ್ತದೆ. ಕಿವಿ ಕಣ್ಣಿನ ಗೆರೆಗೂ ಮೂಗಿನ ತುದಿಗೂ ನಡುವೆ. ಕೂದಲು ಎಣ್ಣೆ ಹಚ್ಚಿ ಒತ್ತಿ ಬಾಚಿದ್ದು, ಒಂದೇ ಕಪ್ಪು ತುಂಡು, ನಡುವೆ ಬೈತಲೆಯ ಒಂದು ಬಿಳಿ ಗೆರೆ.

ಪೆನ್ನು ಅವನ ಬಲಗಿವಿಯ ಮೇಲಿದೆ. ಎಡ ಮಗ್ಗುಲಿನಿಂದ ನೋಡಿದಾಗ? ನ್ಯಾಯವಾಗಿ ಅದು ಕಾಣಬಾರದು. ಆದರೂ ತಲೆಯ ಹಿಂದಿನಿಂದ ಅದರ ತುದಿ ಇಣುಕುವಂತೆ ಮಾಡಿ. ಮಿಕ್ಕಿ ಮೌಸ್ ಯಾವ ಕಡೆ ತಿರುಗಿದರೂ ಅವನ ಎರಡು ಕಿವಿಗಳು ಎರಡು ದುಂಡು ವೃತ್ತಗಳಾಗಿಯೇ ಉಳಿಯುತ್ತವೆ, ಯಾರೂ ತಕರಾರು ಮಾಡಿದ್ದಿಲ್ಲ. ಗುರುತು ಉಳಿಸಲು ಇಂಥ ಮೋಸಕ್ಕೆ ಕಾರ್ಟೂನಿನಲ್ಲಿ ಪರವಾನಗಿ ಇದೆ.

ಅಜ್ಜಿಯ ಮುಖ ಬೇಗ ಮುಗಿಯುತ್ತದೆ: ದುಂಡು ತಲೆ, ಹಿಂದೆ ಪುಟ್ಟ ತುರುಬು, ದೊಡ್ಡ ಕನ್ನಡಕ, ಮೂಗು ಒಂದು ಚಿಕ್ಕ ಕೊಕ್ಕೆ. ಕನ್ನಡಕದ ಗಾಜು ಖಾಲಿ ಇರಲಿ. ಕಣ್ಣು ಕಾಣಿಸುವುದನ್ನು ಒಂದು ಮುಖ್ಯ ಗಳಿಗೆಗೆ ಕಾದಿರಿಸೋಣ.

ಒಂಬತ್ತು ಮುಖಗಳ ಹಾಳೆ

ಹತ್ತೊಂಬತ್ತನೆಯ ಶತಮಾನದಲ್ಲಿ ಜಿನೀವಾದ ಶಾಲಾ ಮೇಷ್ಟ್ರು ರೊಡಾಲ್ಫ್ ಟೋಪ್ಫರ್, ಚಿತ್ರಕಥೆಗಳ ಆದಿಪುರುಷರಲ್ಲಿ ಒಬ್ಬರು, 1845ರಲ್ಲೇ ಒಂದು ಮಾತು ಹೇಳಿದ್ದರು: ಎಷ್ಟೇ ಒಡ್ಡಾಗಿ ಗೀಚಿದರೂ ಮುಖವೆಂದ ಮೇಲೆ ಅದಕ್ಕೊಂದು ಭಾವ ಬಂದೇ ಬರುತ್ತದೆ. ಅದೇ ಮುಖವನ್ನು ಒಂದೊಂದೇ ಗೆರೆ ಬದಲಿಸಿ ಮತ್ತೆ ಮತ್ತೆ ಬಿಡಿಸಿ ಭಾವ ಹೇಗೆ ಬದಲಾಗುತ್ತದೆಂದು ನೋಡುವುದು ಅವರ ವಿಧಾನ. ಇಂದಿಗೂ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ಒಂಬತ್ತು ಮನೆಗಳ ಚೌಕ ಹಾಕಿ. ಅಡ್ಡಸಾಲಿಗೆ ಮೂರು ಬಗೆಯ ಹುಬ್ಬು: ನೇರ, ನಡುವೆ (ಮೂಗಿನ ಬದಿಗೆ) ಇಳಿದದ್ದು, ನಡುವೆ ಏರಿದ್ದು. ಕಂಬಸಾಲಿಗೆ ಮೂರು ಬಗೆಯ ಮೀಸೆ: ನೇರ, ಏರಿದ್ದು, ಇಳಿದದ್ದು. ಕಣ್ಣು, ಮೂಗು ಮುಟ್ಟಲೇಬೇಡಿ. ಹುಬ್ಬು ನಡುವೆ ಇಳಿದು ಮೀಸೆ ಇಳಿದರೆ ಶುದ್ಧ ಸಿಟ್ಟು. ಅದೇ ಸಿಟ್ಟಿನ ಹುಬ್ಬಿಗೆ ಏರಿದ ಮೀಸೆ ಹಾಕಿದರೆ ಕೆಂಪಣ್ಣ ಏನೋ ಹಂಚಿಕೆ ಹಾಕುತ್ತಿದ್ದಾನೆ. ಹುಬ್ಬು ನಡುವೆ ಏರಿ ಮೀಸೆ ಇಳಿದರೆ ದೀನಭಾವ. ಏರಿದ ಹುಬ್ಬು, ಏರಿದ ಮೀಸೆ ಎರಡೂ ಸೇರಿದರೆ ಮೇಲಧಿಕಾರಿಯ ಮುಂದೆ ನಿಂತ ನಗು. ಉಳಿದ ಮನೆಗಳ ಹೆಸರು ನೀವೇ ಕೊಡಿ. ಹುಬ್ಬನ್ನು ಕಣ್ಣಿನಿಂದ ಬಿಡಿಸಿ ಹಣೆಯ ಮೇಲಕ್ಕೆ ಹಾರಿಸಿದರೆ ಅಚ್ಚರಿ. ಅದು ಹತ್ತನೆಯದು, ನಮ್ಮ ಸ್ಟ್ರಿಪ್‌ನ ಕೊನೆಗೆ ಬೇಕಾಗುತ್ತದೆ.

ಮೈ, ಕೈ, ಬಟ್ಟೆ

ಬೆಳೆದ ಮನುಷ್ಯನ ಎತ್ತರ ಅವನ ತಲೆಯ ಏಳು, ಏಳೂವರೆ ಪಟ್ಟು. ಸ್ಟ್ರಿಪ್‌ನಲ್ಲಿ ಅಷ್ಟು ಎತ್ತರವಿಟ್ಟರೆ ಮುಖ ಸಾಸಿವೆಯಾಗುತ್ತದೆ. ಕೆಂಪಣ್ಣ ಮೂರೂವರೆ ತಲೆ ಎತ್ತರ ಇರಲಿ; ಅಜ್ಜಿ ಎರಡು ತಲೆ. ಐದು ಸೆಂಟಿಮೀಟರ್ ತಲೆಗೆ ಕೆಂಪಣ್ಣನ ಒಟ್ಟು ಎತ್ತರ ಹದಿನೇಳೂವರೆ ಸೆಂಟಿಮೀಟರ್. ಹಾಳೆಯ ಅಂಚಿನಲ್ಲಿ ಈ ಅಳತೆಯನ್ನು ಗುರುತು ಮಾಡಿಟ್ಟುಕೊಳ್ಳಿ.

ಮೈ ಬಿಡಿಸುವ ಮುನ್ನ ತಲೆಯಿಂದ ನೆಲಕ್ಕೂರಿದ ಕಾಲಿನವರೆಗೆ ಒಂದೇ ಬಾಗುಗೆರೆ ಎಳೆಯಿರಿ. ಭಂಗಿಯ ಜೀವ ಆ ಗೆರೆಯಲ್ಲಿದೆ. ಸೊಂಟ ಸೀಟಿಗೆ ಆನಿಸಿ ನಿಂತ ಕೆಂಪಣ್ಣನಿಗೆ ಅದು ಓರೆಯಾದ ಬಿಲ್ಲು: ತಲೆ ಮುಂದೆ, ಸೊಂಟ ಹಿಂದೆ, ಪಾದ ಮತ್ತೆ ಮುಂದೆ. ಈ ಗೆರೆಯ ಮೇಲೆ ಪೇರಳೆ ಆಕಾರದ ಮೈ ಕೂರಿಸಿ, ಕೈಕಾಲುಗಳನ್ನು ಕೊಳವೆಗಳಂತೆ ಜೋಡಿಸಿ. ಚೀಲದ ಪಟ್ಟಿ ಮುಖ್ಯ. ಅದು ಎದೆಯ ಮೇಲೆ ಹಾಯ್ದು ಹೊಟ್ಟೆಯ ಉಬ್ಬನ್ನು ಹತ್ತಿ ಇಳಿಯುವಂತೆ ಬಾಗಿಸಿ. ಹೊಟ್ಟೆ ದುಂಡಗಿದೆ ಎಂದು ತೋರಿಸಲು ಅದೊಂದೇ ಗೆರೆ ಸಾಕು, ಛಾಯೆ ಬೇಕಾಗಿಲ್ಲ.

ಕೈ ಎಂದರೆ ಎಲ್ಲರೂ ಹೆದರಿ ಪಾತ್ರದ ಕೈಯನ್ನು ಜೇಬಿಗೆ ತುರುಕುತ್ತಾರೆ. ಕಂಡಕ್ಟರಿಗೆ ಆ ಅನುಕೂಲವಿಲ್ಲ. ಮೊದಲು ಹೆಬ್ಬೆರಳು ಬೇರೆ, ಉಳಿದ ಬೆರಳು ಒಂದೇ ಮುದ್ದೆಯಾಗಿರುವ ಕೈಗವಸಿನ ಆಕಾರ ಬರೆಯಿರಿ. ಅದು ಸರಿಯಾದ ಕಡೆ ತಿರುಗಿದೆ ಎನಿಸಿದ ಮೇಲೆ ಮುದ್ದೆಯನ್ನು ಮೂರು ಬೆರಳಾಗಿ ಸೀಳಿ. ಹೆಬ್ಬೆರಳೂ ಸೇರಿ ನಾಲ್ಕು ಬೆರಳು. ಕಾರ್ಟೂನಿನಲ್ಲಿ ಇದು ಒಪ್ಪಿತ ಪದ್ಧತಿ, ಚಿಕ್ಕ ಗಾತ್ರದಲ್ಲಿ ಐದು ಬೆರಳು ಗೊಂಚಲಾಗುತ್ತವೆ. ನೋಟನ್ನು ಉದ್ದಕ್ಕೆ ಮಡಚಿದ ಕಿರುಪಟ್ಟಿಯಾಗಿ ಮೊದಲೆರಡು ಬೆರಳ ಸಂದಿಯಿಂದ ಹೊರಚಾಚಿಸಿ. ಬೆರಳ ಹಿಂದೆ ಮರೆಯಾದ ಭಾಗವನ್ನೂ ನೀಲಿಯಲ್ಲಿ ಎಳೆದು ನೋಡಿ, ಇಲ್ಲವಾದರೆ ನೋಟು ಒಂದು ಕಡೆ ಒಳಹೊಕ್ಕು ಬೇರೆಲ್ಲೋ ಹೊರಬರುತ್ತದೆ.

ಬಟ್ಟೆಯ ಸುಕ್ಕು ಮೊಣಕೈ, ಕಂಕುಳು, ಮೊಣಕಾಲಿನ ಹಿಂದೆ ಮಾತ್ರ, ಒಂದೊಂದು ಕಡೆಗೆ ಎರಡೇ ಗೆರೆ.

ಮಾದರಿ ಹಾಳೆ

ಎ3 ಹಾಳೆಯನ್ನು ಅಡ್ಡಲಾಗಿ ಇಟ್ಟು ನೆತ್ತಿ, ಕಣ್ಣು, ಮೂಗಿನ ತುದಿ, ಹೆಗಲು, ಸೊಂಟ, ಮಂಡಿ, ಪಾದಗಳಿಗೆ ಉದ್ದ ಅಡ್ಡಗೆರೆಗಳನ್ನು ಎಳೆಯಿರಿ. ಅವುಗಳ ಮೇಲೆ ನಾಲ್ಕು ಕೆಂಪಣ್ಣಂದಿರು: ಎದುರು, ಮುಕ್ಕಾಲು ತಿರುವು (ಎದುರಿಗೂ ಪಕ್ಕಕ್ಕೂ ನಡುವಿನದು), ಪಕ್ಕ, ಬೆನ್ನು. ಸ್ಟ್ರಿಪ್‌ನಲ್ಲಿ ಹೆಚ್ಚು ಬಳಕೆಯಾಗುವುದು ಮುಕ್ಕಾಲು ತಿರುವು. ಅದನ್ನು ಎಡಕ್ಕೂ ಬಲಕ್ಕೂ ಬಿಡಿಸಿ. ಬಲಗೈಯವರಿಗೆ ಎಡಕ್ಕೆ ನೋಡುವ ಮುಖ ಸಲೀಸು, ಬಲಕ್ಕೆ ನೋಡುವುದು ಕಷ್ಟ. ತಪ್ಪು ಹಿಡಿಯಲು ಹಾಳೆಯನ್ನು ಮಗುಚಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಓರೆಯಾದ ದವಡೆ, ಮೇಲೆ ಕೆಳಗಾದ ಕಣ್ಣು ತಕ್ಷಣ ಬಯಲಾಗುತ್ತವೆ. ಪಕ್ಕದಲ್ಲಿ ಒಂಬತ್ತು ಮುಖಗಳ ಹಾಳೆಯನ್ನೂ ಅಂಟಿಸಿ ಮೇಜಿನ ಎದುರು ತೂಗುಹಾಕಿ.

ನಾಲ್ಕು ಚೌಕಟ್ಟು, ಮೊದಲು ಮಾತು

ಅಚ್ಚಿನಲ್ಲಿ 18 ಸೆಂಟಿಮೀಟರ್ ಅಗಲ, 6 ಸೆಂಟಿಮೀಟರ್ ಎತ್ತರ ಬರಬೇಕಾದ ಸ್ಟ್ರಿಪ್ ಅನ್ನು ಎರಡು ಪಟ್ಟು ದೊಡ್ಡದಾಗಿ, 36 × 12ರಲ್ಲಿ ಬಿಡಿಸಿ. ಕುಗ್ಗಿಸಿದಾಗ ಗೆರೆಯ ನಡುಕ ಮರೆಯಾಗುತ್ತದೆ. ಚೌಕಟ್ಟುಗಳ ನಡುವೆ ಅರ್ಧ ಸೆಂಟಿಮೀಟರ್ ಬಿಟ್ಟರೆ ಒಂದೊಂದಕ್ಕೂ ಸುಮಾರು 8.6 ಸೆಂಟಿಮೀಟರ್ ಅಗಲ ಸಿಗುತ್ತದೆ.

ಚೌಕಟ್ಟು ಹಾಕಿದ ಕೂಡಲೇ ಮನುಷ್ಯರನ್ನು ಬಿಡಿಸಲು ಹೊರಡಬೇಡಿ. ಮೊದಲು ಅಕ್ಷರ ಬರೆಯಿರಿ. ಕನ್ನಡದಲ್ಲಿ ಇದು ಇನ್ನೂ ಮುಖ್ಯ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು ಮೇಲೆ ಏರುತ್ತದೆ. ಅಕ್ಷರ ಅರ್ಧ ಸೆಂಟಿಮೀಟರ್ ಎತ್ತರವಿದ್ದರೆ ಸಾಲುಗಳ ನಡುವೆಯೂ ಅಷ್ಟೇ ಜಾಗ ಬೇಕು. ನಮ್ಮ ಕ್ರಿಯಾಪದಗಳೋ ಬಸ್ಸಿನಷ್ಟೇ ಉದ್ದ, ನಡುವೆ ಮುರಿಯುವಂತೆಯೂ ಇಲ್ಲ. ಹಾಗಾಗಿ ಮಾತಿನ ಗುಳ್ಳೆಗಳು ದುಂಡಗಿರದೆ ಅಗಲವಾಗಿರಲಿ, ಒಂದು ಗುಳ್ಳೆಗೆ ಎಂಟು ಹತ್ತು ಪದ ಮೀರದಿರಲಿ. ಮಾತು ಬರೆದು, ಸುತ್ತ ಗುಳ್ಳೆ ಎಳೆದು, ಉಳಿದ ಜಾಗದಲ್ಲಿ ಮನುಷ್ಯರು. ಚೌಕಟ್ಟಿನ ಮೇಲಿನ ಮೂರನೆಯ ಒಂದು ಭಾಗ ಹೋದರೆ ಎಂಟು ಸೆಂಟಿಮೀಟರ್ ಉಳಿಯುತ್ತದೆ. ಮೂರೂವರೆ ತಲೆಯ ಕೆಂಪಣ್ಣ ಇಡಿಯಾಗಿ ನಿಂತರೆ ಅವನ ತಲೆ ಎರಡು ಸೆಂಟಿಮೀಟರಿಗೆ ಸ್ವಲ್ಪ ಮೇಲೆ, ಅಚ್ಚಿನಲ್ಲಿ ಒಂದು ಸೆಂಟಿಮೀಟರ್. ಸೀಟಿ, ಬಿಲ್ಲೆಗಳನ್ನು ಯಾಕೆ ಕಿತ್ತುಹಾಕಿದೆವೆಂದು ಈಗ ಗೊತ್ತಾಗುತ್ತದೆ. ಮೊದಲು ಮಾತನಾಡುವವರು ಎಡಕ್ಕೆ, ಅವರ ಗುಳ್ಳೆ ಮೇಲಕ್ಕೆ. ಕೆಂಪಣ್ಣ ಎಡ, ಅಜ್ಜಿ ಬಲ ಎಂದಾದರೆ ನಾಲ್ಕೂ ಚೌಕಟ್ಟಿನಲ್ಲಿ ಹಾಗೇ ಇರಲಿ.

ಕಥೆ ಇಷ್ಟೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ; ಆದರೂ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಕೊಡುತ್ತಾನೆ.

ಮೊದಲ ಚೌಕಟ್ಟು: ಒಬ್ಬ ಪ್ರಯಾಣಿಕ ಐನೂರರ ನೋಟು ಚಾಚಿದ್ದಾನೆ, ಕೆಂಪಣ್ಣ ಟಿಕೆಟ್ ಹಿಂದೆ ಬರೆಯುತ್ತಾ “ಬಾಕಿ ಇಳಿಯುವಾಗ ತೆಗೆದುಕೊಳ್ಳಿ ಸಾರ್” ಎನ್ನುತ್ತಾನೆ. ಬಲ ಅಂಚಿನಲ್ಲಿ ಅಜ್ಜಿಯ ಕನ್ನಡಕ ಇದನ್ನೆಲ್ಲ ನೋಡುತ್ತಿದೆ. ಎರಡನೆಯದು: “ತೆಗೆದುಕೊಳ್ಳಿ ಅಜ್ಜೀ, ನಿಮ್ಮದು ಫ್ರೀ ಟಿಕೆಟ್.” ಮೂರನೆಯದರಲ್ಲಿ ಮಾತಿಲ್ಲ. ಅಜ್ಜಿ ಟಿಕೆಟ್ ಮಗುಚಿ ಕನ್ನಡಕದ ಹತ್ತಿರ ಹಿಡಿದಿದ್ದಾಳೆ. ಹಿನ್ನೆಲೆ ಪೂರ್ತಿ ಖಾಲಿ ಬಿಡಿ, ಕಂಬಿ ಕಿಟಕಿ ಏನೂ ಬೇಡ. ಆ ಖಾಲಿಯೇ ಓದುಗನನ್ನು ಒಂದು ಕ್ಷಣ ನಿಲ್ಲಿಸುತ್ತದೆ. ನಾಲ್ಕನೆಯದು: “ನನ್ನದರ ಹಿಂದೆ ಏನೂ ಬರೆದೇ ಇಲ್ಲವಲ್ಲಪ್ಪಾ?” ಇಲ್ಲಿ ಮೊದಲ ಬಾರಿಗೆ ಅವಳ ಕನ್ನಡಕದೊಳಗೆ ಎರಡು ಚುಕ್ಕೆ ಕಣ್ಣು. ಕೆಂಪಣ್ಣನದು ಹತ್ತನೆಯ ಮುಖ, ಕಿವಿಯಿಂದ ಪೆನ್ನು ಜಾರಿ ಗಾಳಿಯಲ್ಲಿದೆ.

ತಿದ್ದಿ ಮುಗಿಸುವುದು

ನೀಲಿ ಗೆರೆಗಳ ಮೇಲೆ ಎಚ್‌ಬಿಯಿಂದ ಸರಿಯಾದ ಗೆರೆ ಆರಿಸಿ, ಆಮೇಲೆ 2ಬಿಯಿಂದ ಅಂತಿಮ ಗೆರೆ. ಹೊರಗೆರೆ ದಪ್ಪ, ಒಳಗಿನ ಸುಕ್ಕು ತೆಳು. ಹೊಟ್ಟೆಯ ಕೆಳಗೆ, ಚೀಲದ ತಳಕ್ಕೆ, ಗಲ್ಲದಡಿಗೆ ಗೆರೆ ಇನ್ನೂ ಸ್ವಲ್ಪ ದಪ್ಪಗಾದರೆ ಭಾರ ಬರುತ್ತದೆ. ಉದ್ದ ಗೆರೆಯನ್ನು ತುಣುಕು ತುಣುಕಾಗಿ ಹೊಲಿಯಬೇಡಿ. ಗಾಳಿಯಲ್ಲಿ ಒಂದೆರಡು ಸಲ ಕೈ ಆಡಿಸಿ ಒಂದೇ ಉಸಿರಿಗೆ ಎಳೆಯಿರಿ. ಖಾಕಿಗೆ ಪೆನ್ಸಿಲ್ ಓರೆ ಹಿಡಿದು ಒಂದೇ ಸಮನಾದ ಬೂದು ಛಾಯೆ, ಕೂದಲು ಮೀಸೆ ಚೀಲಕ್ಕೆ 4ಬಿ ಕಪ್ಪು, ಅಜ್ಜಿ ಬಹುಪಾಲು ಬಿಳಿ. ಬೆರಳಿನಿಂದ ಉಜ್ಜಿ ನುಣುಪು ಮಾಡುವ ಚಪಲ ಬಿಡಿ. ಬೆರಳ ಎಣ್ಣೆ ಹತ್ತಿದ ಜಾಗ ಮತ್ತೆ ಶುದ್ಧವಾಗದು. ಕೈಯಡಿ ಒಂದು ಬಿಡಿ ಕಾಗದವಿರಲಿ, ಬಲಗೈಯವರು ಎಡ ಚೌಕಟ್ಟಿನಿಂದ ಬಲಕ್ಕೆ ಬನ್ನಿ.

ಸ್ಕ್ಯಾನರ್ ಇದ್ದರೆ ಛಾಯೆಯುಳ್ಳ ಪೆನ್ಸಿಲ್ ಚಿತ್ರಕ್ಕೆ 300 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕೆ) ಸಾಕು. ನೀಲಿ ಗೆರೆಗಳಿದ್ದರೆ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ನೀಲಿ ತೆಗೆದ ಮೇಲೆ ಕಪ್ಪುಬಿಳುಪಿಗೆ ಬದಲಿಸಿ. ಮೊಬೈಲಿನಲ್ಲಿ ತೆಗೆಯುವುದಾದರೆ ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಹಾಳೆಯನ್ನು ಮಟ್ಟಸವಾಗಿಟ್ಟು, ಸ್ವಲ್ಪ ದೂರದಿಂದ ಜೂಮ್ ಮಾಡಿ ತೆಗೆಯಿರಿ. ತೀರಾ ಹತ್ತಿರ ಹಿಡಿದರೆ ಚೌಕಟ್ಟಿನ ಅಂಚುಗಳು ಉಬ್ಬುತ್ತವೆ.

ಬೆಂಗಳೂರಿನಲ್ಲಿರುವವರು ಎಂ.ಜಿ. ರಸ್ತೆಯ ಟ್ರಿನಿಟಿ ವೃತ್ತದ ಬಳಿಯಿರುವ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಗೆ ಒಮ್ಮೆ ಹೋಗಿಬನ್ನಿ. ವ್ಯಂಗ್ಯಚಿತ್ರಗಳನ್ನು ದೊಡ್ಡದಾಗಿ, ಹತ್ತಿರದಿಂದ ನೋಡುವುದಕ್ಕೂ ಪತ್ರಿಕೆಯ ಮೂಲೆಯಲ್ಲಿ ನೋಡುವುದಕ್ಕೂ ವ್ಯತ್ಯಾಸವಿದೆ: ಗೆರೆ ಎಲ್ಲಿ ಹೊರಟಿತು, ಎಲ್ಲಿ ದಪ್ಪಗಾಯಿತು, ಎಲ್ಲಿ ಕೈ ಎತ್ತಿದರು ಎಂಬುದು ಕಣ್ಣಿಗೆ ಸಿಗುತ್ತದೆ.

ಕೊನೆಯದಾಗಿ ಒಂದು ಪರೀಕ್ಷೆ. ಎರಡು ದಿನ ಬಿಟ್ಟು, ಮಾದರಿ ಹಾಳೆಯನ್ನು ಮಗುಚಿಟ್ಟು ಕೆಂಪಣ್ಣನನ್ನು ನೆನಪಿನಿಂದ ಬಿಡಿಸಿ. ಆಮೇಲೆ ಹಾಳೆಯೊಂದಿಗೆ ಹೋಲಿಸಿ, ಬದಲಾದ ಕಡೆಯೆಲ್ಲ ಕೆಂಪು ಗುರುತು ಹಾಕಿ. ಪ್ರತಿ ಸಲವೂ ಒಂದೇ ಜಾಗ, ಉದಾಹರಣೆಗೆ ಕಿವಿ, ಬೇರೆಬೇರೆಯಾಗಿ ಬರುತ್ತಿದ್ದರೆ ಕಿವಿಯನ್ನು ಇನ್ನಷ್ಟು ಸರಳ ಮಾಡಿ ಮಾದರಿ ಹಾಳೆಯನ್ನೇ ತಿದ್ದಿ. ಕೆಂಪು ಗುರುತುಗಳು ನಿಂತ ಮೇಲೆ ಎರಡನೆಯ ಸ್ಟ್ರಿಪ್‌ಗೆ ಚೌಕಟ್ಟು ಹಾಕಿ.